ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ

ಕಳೆದ ಭಾನುವಾರ ಗೆಳೆಯರೊಬ್ಬರ ಫೋನ್ ಬಂತು. ಅವರದು 1.8 ಲೀಟರಿನ ಟರ್ಬೊ ಪೆಟ್ರೋಲ್ ಕಾರು. ತುಮಕೂರು ರಸ್ತೆಯಲ್ಲಿ ಕಾಫಿಗೆಂದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಸೆಲ್ಫ್ ಗಟ್ಟಿಯಾಗಿಯೇ ಹೊಡೆಯುತ್ತಿದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ಹಿಂದಿನ ತಿಂಗಳೂ ಹೀಗೇ ಆಗಿ, ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್, ನಾಲ್ಕು ಪ್ಲಗ್, ನಾಲ್ಕು ಕಾಯಿಲ್ ಬದಲಾಗಿದ್ದವು. ದುಡ್ಡು ಹೋಗಿತ್ತು, ರೋಗ ಉಳಿದಿತ್ತು.

“ಇನ್ನೊಮ್ಮೆ ಸೆಲ್ಫ್ ಹೊಡೆಯಿರಿ, ಆರ್‌ಪಿಎಂ ಮುಳ್ಳು ಏನು ಮಾಡುತ್ತದೆ ನೋಡಿ” ಎಂದೆ. ಸಾಮಾನ್ಯವಾಗಿ ಅವರ ಕಾರಿನಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು 200ರ ಆಸುಪಾಸಿಗೆ ಏಳುತ್ತದೆ. ಈಗ ಸೊನ್ನೆಯ ಮೇಲೆ ಅಲುಗಾಡದೆ ಮಲಗಿತ್ತು. ನನ್ನ ಅನುಮಾನ ಆ ಮುಳ್ಳಿಗೆ ಲೆಕ್ಕ ಒದಗಿಸುವ ಕ್ರ್ಯಾಂಕ್ ಸೆನ್ಸರ್ ಕಡೆ ತಿರುಗಿತು.

ಬಹಳಷ್ಟು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತದೆ. 60 ಹಲ್ಲಿನ ಜಾಗ, ಇರುವುದು 58. ಎರಡು ಹಲ್ಲಿನ ಆ ಖಾಲಿ ಜಾಗ ಸೆನ್ಸರಿನ ಮುಂದೆ ಹಾದಾಗಲೇ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಪಿಸ್ಟನ್ ಎಲ್ಲಿದೆಯೆಂದು ಗೊತ್ತಾಗುವುದು. ಅದು ಗೊತ್ತಾಗದಿದ್ದರೆ ಇಂಥ ಎಂಜಿನ್ ಕಿಡಿಯನ್ನೂ ಕೊಡದು, ಪೆಟ್ರೋಲನ್ನೂ ಚಿಮ್ಮಿಸದು. ಎಂಜಿನ್ ಆಫ್ ಆದ ಮೇಲೆ ಕೂಲಂಟ್ ಓಡಾಟ ನಿಂತು ಬಾನೆಟ್ಟಿನ ಒಳಗೆ ಕಾವು ಇನ್ನಷ್ಟು ಏರುತ್ತದೆ. ಹಳೆಯ ಸೆನ್ಸರಿನ ಒಳಗಿನ ತೆಳು ತಂತಿ ಆ ಕಾವಿಗೆ ಸಂಪರ್ಕ ಕಡಿದುಕೊಳ್ಳಬಹುದು, ತಣಿದರೆ ಮತ್ತೆ ಕೂಡಿಕೊಳ್ಳಬಹುದು. ಗ್ಯಾರೇಜಿಗೆ ಹೋದಾಗ ಗಾಡಿ ಸರಿಯಿರುವುದು ಇದಕ್ಕೇ.

ಹಾಗೆಂದು ಎಲ್ಲ ಗಾಡಿಗೂ ಇದೇ ರೋಗವಲ್ಲ. ಪರೀಕ್ಷೆಗೊಂದು ಕ್ರಮವಿದೆ. ಮೊದಲು ಕಿವಿ. ಆರೋಗ್ಯವಂತ ಎಂಜಿನ್ ಸೆಲ್ಫಿಗೆ ತಿರುಗುವಾಗ ಪ್ರತಿ ಪಿಸ್ಟನ್ನೂ ಗಾಳಿಯನ್ನು ಒತ್ತುವ ಏರಿಳಿತ ಕೇಳಿಸುತ್ತದೆ. ಆ ಏರಿಳಿತವಿಲ್ಲದೆ ಒಂದೇ ಸಮನೆ ಹಗುರಾಗಿ ಗಿರ್ರೆಂದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ತಕ್ಷಣ ಕೀ ಬಿಡಿ, ಇಲ್ಲದಿದ್ದರೆ ವಾಲ್ವ್‌ಗಳಿಗೆ ಇನ್ನಷ್ಟು ಪೆಟ್ಟು. ಆಮೇಲೆ ಬ್ಯಾಟರಿ: ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿಗಿಂತ ಕೆಳಗಿಳಿಯಬಾರದು. ಕೆಳಗಿಳಿದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಇಸಿಯು ಮಂಕಾಗುತ್ತದೆ. ಮೀಟರಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್ ಅಡ್ಡ ನಿಂತಿರಬಹುದು, ಇನ್ನೊಂದು ಕೀ ಹಾಕಿ ನೋಡಿ.

ಕೀ ಆನ್ ಮಾಡಿದಾಗ ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನಡಿ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಡುತ್ತದೆ. ಆದರೆ ಸದ್ದಿದೆ ಎಂದರೆ ಒತ್ತಡವಿದೆ ಎಂದಲ್ಲ. ಗೇಜ್ ಹಾಕಿಯೇ ನೋಡಬೇಕು. ಸಾಮಾನ್ಯ ಇಂಜೆಕ್ಷನ್‌ನಲ್ಲಿ 3ರಿಂದ 4 ಬಾರ್. ಡೈರೆಕ್ಟ್ ಇಂಜೆಕ್ಷನ್ ಇದ್ದರೆ ಫ್ಯೂಯೆಲ್ ರೈಲಿನ ಒತ್ತಡ ನೂರು ಬಾರ್ ದಾಟಬಹುದು, ಆ ಪೈಪಿಗೆ ಸ್ಪ್ಯಾನರ್ ಹಾಕಲೇಬೇಡಿ.

ಕೊನೆಗೆ ಪ್ಲಗ್ ಬಿಚ್ಚಿ ಮೂಗಿಗೆ ಹಿಡಿಯಿರಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಘಮ್ಮೆಂದರೆ ಕಿಡಿಯಿಲ್ಲ, ಇಲ್ಲವೇ ಪೆಟ್ರೋಲ್ ತುಂಬಿಹೋಗಿದೆ. ದೊಡ್ಡ ಇಂಜೆಕ್ಟರ್ ಹಾಕಿಸಿದ ಗಾಡಿಗಳಲ್ಲಿ ಇದು ಬಲು ಬೇಗ ಆಗುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಹಲವು ಇಸಿಯುಗಳು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತವೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಸೆಲ್ಫಿಗೂ ಉಸಿರಾಡಲು ಬಿಡಬೇಕು.

ಗೆಳೆಯರ ಕಾರು ಮುಕ್ಕಾಲು ಗಂಟೆ ತಣಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮರುದಿನ ಬಿಸಿ ಎಂಜಿನ್ನಿಗೆ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದಾಗ ಅದರಲ್ಲೂ ಆರ್‌ಪಿಎಂ ಸೊನ್ನೆ. ಆಮೇಲೆಯೇ ಸೆನ್ಸರ್ ಬದಲಿಸಿದ್ದು. ನೀವೂ ಅಷ್ಟೆ, ಯಾವ ಪಾರ್ಟ್ ಹಾಕಿಸುವ ಮುನ್ನವೂ ಮೆಕ್ಯಾನಿಕ್‌ರನ್ನು ಒಂದು ಮಾತು ಕೇಳಿ: “ಏನು ಅಳೆದು ನೋಡಿದಿರಿ?”