ಕುರ್ಚಿಯ ಹಿಂದೆ ನಿಂತವನು

ಆರ್.ಕೆ. ನಾರಾಯಣರ ‘ದಿ ಗೈಡ್’ (1958) ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಒಬ್ಬ ಕ್ಷೌರಿಕ ಬರುತ್ತಾನೆ. ಆಗಷ್ಟೇ ಜೈಲಿನಿಂದ ಬಿಡುಗಡೆಯಾದ ರಾಜುವಿನ ಗಡ್ಡ ತೆಗೆಯುತ್ತ, ಈತ ಎಷ್ಟು ಕಾಲ ಒಳಗಿದ್ದಿರಬಹುದು, ಎಂಥ ಅಪರಾಧ ಮಾಡಿರಬಹುದು ಎಂದು ಮುಖ ನೋಡಿಯೇ ಅಂದಾಜು ಮಾಡುತ್ತಾನೆ. ಚುರುಕಾದ ಪಾತ್ರ. ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ. ರಾಜು ಅವನ ಕಣ್ಣಿಗೆ ಹೇಗೆ ಕಂಡ ಎಂಬುದಷ್ಟೇ ಕಾದಂಬರಿಗೆ ಬೇಕು. ಆ ಅಂಗಡಿ ಅವನಿಗೆ ಯಾರಿಂದ ಬಂತು, ಸಂಜೆ ಬಾಗಿಲು ಹಾಕಿಕೊಂಡು ಅವನು ಎಲ್ಲಿಗೆ ಹೋಗುತ್ತಾನೆ ಎಂದು ಯಾರೂ ಕೇಳುವುದಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ನಮ್ಮ ಬರಹಗಳಲ್ಲಿ ಕಟಿಂಗ್ ಶಾಪ್ ಎಂದರೆ ಹರಟೆಕಟ್ಟೆ, ಊರ ಸುದ್ದಿಯ ಕೇಂದ್ರ. ಚಿತ್ರ ಸುಳ್ಳಲ್ಲ, ಆದರೆ ಅದು ಗಿರಾಕಿಯ ಕುರ್ಚಿಯಲ್ಲಿ ಕೂತು ಬರೆದದ್ದು. ಅಮೆರಿಕದ ರಿಂಗ್ ಲಾರ್ಡ್ನರ್ ‘ಹೇರ್‌ಕಟ್’ (1925) ಕತೆಯನ್ನು ಇಡಿಯಾಗಿ ಕ್ಷೌರಿಕನ ಬಾಯಲ್ಲೇ ಹೇಳಿಸಿದ. ಅವನು ತಮಾಷೆ ಎಂದು ನಗುತ್ತ ಹೇಳುವ ಸಂಗತಿ ಓದುಗನಿಗೆ ಕ್ರೌರ್ಯವಾಗಿ ಕಾಣುತ್ತದೆ. ಕೊಲಂಬಿಯಾದ ಎರ್ನಾಂದೊ ತೆಯೆಸ್‌ನ ಪ್ರಸಿದ್ಧ ಕತೆಯಲ್ಲಿ ಬಂಡುಕೋರರ ಪರವಾದ ಕ್ಷೌರಿಕನೊಬ್ಬ ಶತ್ರು ಕ್ಯಾಪ್ಟನ್ನನ ಕೊರಳ ಮೇಲೆ ಕತ್ತಿ ಹಿಡಿದು ನಿಂತಿರುತ್ತಾನೆ. ಎರಡರಲ್ಲೂ ಜಗತ್ತು ಕಾಣುವುದು ಕುರ್ಚಿಯ ಹಿಂದಿನಿಂದ.

ಕನ್ನಡದಲ್ಲಿ ಇದಕ್ಕೆ ಬೇರು ಇಲ್ಲದಿಲ್ಲ. ಇಂದು ಕ್ಷೌರಿಕ ಸಮುದಾಯ ತನ್ನವನೆಂದು ಗೌರವಿಸುವ ಹಡಪದ ಅಪ್ಪಣ್ಣ ಹನ್ನೆರಡನೆಯ ಶತಮಾನದ ವಚನಕಾರ. ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಅವಳ ಅಂಕಿತ ‘ಅಪ್ಪಣ್ಣಪ್ರಿಯ ಚನ್ನಬಸವಣ್ಣ’. ಒಂದೇ ಮನೆಯ ಇಬ್ಬರೂ ಬರೆದ ಮೇಲೆ ಎಂಟು ನೂರು ವರ್ಷ ನಾವು ಅವರ ಅಂಗಡಿಯಲ್ಲಿ ಪೇಪರ್ ಓದುತ್ತ ಕೂತೆವು!

ಕೃಷ್ಣಮೂರ್ತಿಪುರಂನಲ್ಲಿ ನಾನು ಹೋಗುವ ಅಂಗಡಿ ಈಗಿನ ಮಾಲೀಕರಿಗೆ ಅವರ ತಂದೆಯಿಂದ ಬಂದದ್ದು. ಎರಡು ಕುರ್ಚಿ, ಗೋಡೆಗೆ ತಾಗಿದ ಒಂದು ಬೆಂಚು. ಶಾರದಾವಿಲಾಸ ಕಾಲೇಜಿನ ಹುಡುಗರೂ ಪಿಂಚಣಿದಾರರೂ ಒತ್ತಿಕೊಂಡು ಕೂರುತ್ತಾರೆ. ಕೂದಲು ಕತ್ತರಿಸಿಕೊಳ್ಳದವರೇ ಹೆಚ್ಚು. ಇದನ್ನು ಬರೀ ಹರಟೆ ಎಂದರೆ ಒಂದು ದೊಡ್ಡ ಪಲ್ಲಟವನ್ನು ಮರೆತಂತೆ. ಹಳ್ಳಿಯ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಅವನೇ ಮನೆಮನೆಗೆ ಹೋಗಬೇಕು, ಜಗಲಿಯಲ್ಲೋ ಹಿತ್ತಲಲ್ಲೋ ಕೂತು ಕೆಲಸ ಮಾಡಬೇಕು, ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು ಒಯ್ಯಬೇಕು. ಅಂಗಡಿ ಈ ನಡಿಗೆಯ ದಿಕ್ಕನ್ನೇ ತಿರುಗಿಸಿತು. ಹಿತ್ತಲಲ್ಲಿ ನಿಂತವನ ಬಾಗಿಲಿಗೆ ಯಜಮಾನರು ಬಂದು ತಮ್ಮ ಸರದಿ ಕಾಯುವಂತಾಯಿತು. ಆ ಬೆಂಚಿನ ಬಗ್ಗೆ ಒಂದು ಕಾದಂಬರಿ ಬೇಕಿತ್ತು.

ಪಿತ್ರಾರ್ಜಿತ ಎಂಬ ಮಾತನ್ನೂ ಹುಷಾರಾಗಿ ಬಳಸಬೇಕು. ಮಿಕ್ಕವರಿಗೆ ಅದು ಆಸ್ತಿ. ಇವರಿಗೆ ಅದರ ಜೊತೆ ಜಾತಿಯೂ ಬರುತ್ತದೆ. ಮಗ ಅಂಗಡಿಗೆ ಬರುತ್ತಾನಾ ಎಂದು ಒಮ್ಮೆ ಕೇಳಿದೆ. “ಕೆಲ್ಸ ಕಲ್ತವ್ನೆ ಸಾರ್. ಆದ್ರೆ ಅಪ್ಪ ಏನ್ಮಾಡ್ತಾರೆ ಅಂತ ಕಾಲೇಜಲ್ಲಿ ಕೇಳುದ್ರೆ ಬಿಸ್ನೆಸ್ ಅಂತಾನೆ” ಎಂದು ನಕ್ಕರು, ಕತ್ತರಿ ನಿಲ್ಲಿಸದೆ. 2009ರಲ್ಲಿ ಶಾರುಖ್ ಖಾನರ ‘ಬಿಲ್ಲು ಬಾರ್ಬರ್’ ಚಿತ್ರದ ಹೆಸರಿಗೆ ವೃತ್ತಿಬಾಂಧವರು ಆಕ್ಷೇಪಿಸಿ, ಅದು ಬರೀ ‘ಬಿಲ್ಲು’ ಆದಾಗ ಗೇಲಿ ಮಾಡಿದವರಿದ್ದರು. ಕಸುಬಿನ ಹೆಸರೇ ಬೈಗುಳವಾಗಿರುವ ಭಾಷೆಗಳಲ್ಲಿ ಆ ಆಕ್ಷೇಪ ಗೇಲಿಗೆ ತಕ್ಕದ್ದಲ್ಲ.

ಹಾಗೆಂದು ಅಂಗಡಿಯನ್ನು ಸಮಾನತೆಯ ಗುಡಿಯೆಂದು ಹೊಗಳುವ ಬರಹಗಳನ್ನೂ ನಾನು ಒಪ್ಪಲಾರೆ. ಇದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ 2020ರ ನವೆಂಬರಿನಲ್ಲಿ ಒಂದು ಸುದ್ದಿ ಬಂತು: ದಲಿತರ ಕೂದಲು ಕತ್ತರಿಸಿದ ಕ್ಷೌರಿಕನೊಬ್ಬನಿಗೆ ಊರ ಬಲಾಢ್ಯರು 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದ್ದರು. ಯಾರು ಕುರ್ಚಿಯಲ್ಲಿ ಕೂರಬೇಕೆಂದು ತೀರ್ಮಾನಿಸುವ ಹಕ್ಕು ಅಂಗಡಿಯವನಿಗೇ ಇರಲಿಲ್ಲ. ತೆಯೆಸ್‌ನ ಕ್ಷೌರಿಕ ಕತ್ತಿ ಹಿಡಿದು ಒಬ್ಬ ಕ್ಯಾಪ್ಟನ್ನನ ಬಗ್ಗೆ ಯೋಚಿಸುತ್ತಾನೆ. ಹಲ್ಲರೆಯ ಅಂಗಡಿಯಲ್ಲಿ ಮುಂದಿನ ಗಿರಾಕಿ ಒಳಗೆ ಬಂದಾಗ, ಕತ್ತರಿ ಕೈಗೆತ್ತಿಕೊಳ್ಳುವ ಮುನ್ನ ಅವನು ಏನೇನು ಯೋಚಿಸಿರಬೇಕು? ಕನ್ನಡದ ಕತೆಗಾರರು ಶುರುಮಾಡಬೇಕಾದದ್ದು ಆ ಗಳಿಗೆಯಿಂದ.