ಹತ್ತು ತಿಂಗಳ ಅಡ್ವಾನ್ಸ್ ಕಾಯುವುದು ಯಾರನ್ನು?

ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು, ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು. ಬೆಂಗಳೂರಿನ ಓನರುಗಳಲ್ಲಿ ಬಹಳ ಮಂದಿ ಇದನ್ನು ಕಾನೂನೆಂದೇ ನಂಬಿದ್ದಾರೆ. ಈಚೆಗೆ ಅಲ್ಲಲ್ಲಿ ಅಡ್ವಾನ್ಸ್ ಐದಾರು ತಿಂಗಳಿಗೆ ಇಳಿದಿದೆ, ನಿಜ. ಅದರ ಹಿಂದಿನ ಯೋಚನೆ ಮಾತ್ರ ಇಳಿದಿಲ್ಲ: ಬಾಡಿಗೆದಾರ ಕೈಕೊಟ್ಟರೆ ಈ ದುಡ್ಡು ನಮ್ಮನ್ನು ಕಾಯುತ್ತದೆ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಮ್ಮೆ ಒಳಗೆ ಬಂದವರನ್ನು ಏಳಿಸುವುದು ಕೋರ್ಟು ಸುತ್ತಿ ಸವೆಯುವ ಕೆಲಸವಾಗಿತ್ತು. ಆದರೆ ಅದರ ಜಾಗಕ್ಕೆ ಬಂದ 1999ರ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಆ ದರಕ್ಕೆ ಇವತ್ತು ಒಂದು ರೂಮು ಸಿಕ್ಕರೆ ಪುಣ್ಯ. ಅಂದರೆ ನಗರದ ಬಹುಪಾಲು ಮನೆಗಳು ಈಗ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಕರಾರುಪತ್ರದ ಮೇಲೆ. ಕೋರ್ಟು ಇಂದಿಗೂ ನಿಧಾನವೇ, ಅದನ್ನು ಅಲ್ಲಗಳೆಯಲಾರೆ. ಆದರೂ ಓನರನ್ನು ಕಟ್ಟಿದ್ದ ಹಗ್ಗ ಬಿಚ್ಚಿ ಎರಡು ದಶಕ ದಾಟಿದರೂ ಅವನು ಕಟ್ಟಿಹಾಕಿದವನಂತೆಯೇ ವರ್ತಿಸುತ್ತಿದ್ದಾನೆ.

ಇನ್ನು ಬಾಡಿಗೆ ನಿಗದಿ ಮಾಡುವ ರೀತಿ. ಪಕ್ಕದ ಬೀದಿಯಲ್ಲಿ ಯಾರೋ ಇಪ್ಪತ್ತೈದಕ್ಕೆ ಕೊಟ್ಟರಂತೆ ಎಂಬ ಬ್ರೋಕರನ ಮಾತೇ ಇಲ್ಲಿ ಲೆಕ್ಕಪುಸ್ತಕ. ಇಪ್ಪತ್ತು ಸಾವಿರದ ಮನೆಗೆ ಶೇಕಡಾ 10 ಏರಿಸಿದರೆ ವರ್ಷಕ್ಕೆ ಹೆಚ್ಚು ಬರುವುದು 24,000. ಅದಕ್ಕೆ ಒಪ್ಪದ ಒಳ್ಳೆಯ ಸಂಸಾರವೊಂದು ಎದ್ದುಹೋಗಿ ಮನೆ ಆರು ವಾರ ಖಾಲಿ ಬಿದ್ದರೆ 30,000 ಹೋಯಿತು. ಶೇಕಡಾ 5ಕ್ಕೆ ಒಪ್ಪಿಕೊಂಡಿದ್ದರೆ ಆ ವರ್ಷ ಓನರೇ ಗೆದ್ದಿರುತ್ತಿದ್ದ. 2022ರಲ್ಲಿ ಆಫೀಸುಗಳು ಮತ್ತೆ ತೆರೆದಾಗ ಬಾಡಿಗೆ ಒಮ್ಮೆಲೇ ಜಿಗಿಯಿತು. ಆ ಜಿಗಿತವನ್ನೇ ಪ್ರತಿವರ್ಷದ ನಿಯಮವೆಂದುಕೊಂಡವರು ಈಗ ಟು-ಲೆಟ್ ಬೋರ್ಡನ್ನು ಬಿಸಿಲಿಗೆ ಒಣಹಾಕಿಕೊಂಡು ಕೂತಿರುತ್ತಾರೆ.

ಈ ಪದ್ಧತಿಯ ನಿಜವಾದ ಪರೀಕ್ಷೆ ಬಾಡಿಗೆದಾರನ ಕೆಲಸ ಹೋದಾಗ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ ಎಂದು ಆದೇಶಿಸಬೇಕಾಯಿತು. ಆದರೆ ಆ ಆದೇಶದ ಆಚೆಗೂ ಕಷ್ಟ ಇತ್ತು: ಕ್ಯಾಬ್ ಓಡಿಸುವವರು, ಟ್ಯೂಷನ್ ಹೇಳುವವರು, ಚಿಕ್ಕ ಅಂಗಡಿಯವರು. ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಸಾರ್ ಎಂದು ಅವರು ಕೇಳಿದರೆ ಓನರಿಗೆ ಸಿಟ್ಟು. ಆಪತ್ತಿಗೆಂದು ಇಟ್ಟುಕೊಂಡ ದುಡ್ಡನ್ನು ಆಪತ್ತಿನಲ್ಲಿ ಮುಟ್ಟಬಾರದಂತೆ! ಅದು ಬಾಡಿಗೆದಾರನ ದುಡ್ಡು ಎನ್ನುವುದೇ ಅಷ್ಟರಲ್ಲಿ ಮರೆತುಹೋಗಿರುತ್ತದೆ. ಎಷ್ಟೋ ಸಲ ಅದು ಮೇಲಿನ ಮಹಡಿಯ ಮೋಲ್ಡಿಗೋ ಮಗಳ ಮದುವೆಗೋ ಕರಗಿಹೋಗಿರುತ್ತದೆ ಎಂಬುದು ಆ ಸಿಟ್ಟಿನ ಒಳಗುಟ್ಟು.

ಓನರೆಂದರೆ ಸಿರಿವಂತ ಎಂದುಕೊಳ್ಳಬೇಕಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಪಿಎಫ್ ಹಣ ಸುರಿದು, ಸಾಲ ಮಾಡಿ ಮೂರು ಮನೆ ಕಟ್ಟಿಸಿ, ಬಾಡಿಗೆಯಿಂದಲೇ ಕಂತು ಕಟ್ಟುವ ನಿವೃತ್ತರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಎರಡು ತಿಂಗಳು ಬಾಡಿಗೆ ನಿಂತರೆ ಅವರ ಮನೆಯಲ್ಲೂ ತಾಪತ್ರಯವೇ. ಹಾಗೆಂದು ನೀರಿನ ಮೋಟರು ಆಫ್ ಮಾಡುವುದು, ಫ್ಯೂಸ್ ಕೀಳುವುದು ವಸೂಲಿಯಲ್ಲ, ಪುಂಡಾಟ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಈ ವಿಷಯದಲ್ಲಿ ನಮ್ಮ ರೂಢಿಗಿಂತ ವಿವೇಕದ್ದು. ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕು ಎನ್ನುತ್ತದೆ, ನೀರು-ಕರೆಂಟು ತಡೆಯಬಾರದು ಎನ್ನುತ್ತದೆ. ಅವಧಿ ಮುಗಿದ ಮೇಲೂ ಕೂತವನಿಗೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕುಪಟ್ಟು ಬಾಡಿಗೆ ವಿಧಿಸುತ್ತದೆ. ಅದು ಬರೀ ಮಾದರಿ. ರಾಜ್ಯಗಳು ತಮ್ಮದಾಗಿ ಒಪ್ಪಿಕೊಳ್ಳಬೇಕು.

ದೊಡ್ಡ ಅಡ್ವಾನ್ಸಿನ ಮೇಲೆ ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಬಾಕಿ ಬೆಳೆಯಲು ಅದೇ ಕಾರಣವಾಗುತ್ತದೆ. ಇಪ್ಪತ್ತು ಸಾವಿರ ಕೊಡಲಾಗದವನು ಹನ್ನೆರಡು ಸಾವಿರದ ಮನೆಗೆ ಹೋಗಲು ಸಿದ್ಧನಿರುತ್ತಾನೆ. ಆದರೆ ಅಲ್ಲಿ 1,20,000 ಮೊದಲೇ ಸುರಿಯಬೇಕು. ಇಲ್ಲಿನ 2,00,000 ಕೈಗೆ ಬರುವುದು ಬೀಗದಕೈ ಕೊಟ್ಟ ಮೇಲೆ, ಅದೂ ಹೊಸ ಬಾಡಿಗೆದಾರ ಸಿಕ್ಕ ಮೇಲೆ. ಹೀಗಾಗಿ ಅವನು ಕದಲಲಾರ, ಬಾಕಿ ಮಾತ್ರ ಏರುತ್ತದೆ. ಮೂರನೆಯ ತಿಂಗಳಿಗೇ ಕೂರಿಸಿ ಮಾತಾಡಿ, ತಾರೀಖು ಬರೆಸಿಕೊಂಡು 1,20,000 ಮುಂಚಿತವಾಗಿ ಕೊಟ್ಟರೆ, ಬಾಕಿ 60,000 ಕಳೆದು ಪೇಂಟಿಂಗಿನ ಇಪ್ಪತ್ತು ಸಾವಿರವೂ ಓನರ ಬಳಿಯೇ ಉಳಿಯುತ್ತದೆ. ಆರು ತಿಂಗಳು ಗೊಣಗುತ್ತ ಕಾದರೆ ಉಳಿಯುವುದು 80,000. ಅಷ್ಟರಲ್ಲಿ ಆ ಚಿಕ್ಕ ಮನೆಯೂ ಅವನ ಕೈಗೆಟುಕುವುದಿಲ್ಲ.