ಒಬ್ಬನಿದ್ದರೆ ಸಂಕೇತ, ಹಲವರಿದ್ದರೆ ಮನುಷ್ಯರು

ಒಂದು ಕಾಲಕ್ಕೆ ನಮ್ಮ ಊರುಗಳ ಮಕ್ಕಳ ಶಾಲಾ ಚೀಲ, ನೀರಿನ ಬಾಟಲಿ, ಪೆನ್ಸಿಲ್ ಡಬ್ಬಿಗಳ ಮೇಲೆಲ್ಲ ಬೆನ್ ಟೆನ್ ಎಂಬ ಹುಡುಗನೇ ಇದ್ದ. ಕೈಗಡಿಯಾರದಂಥ ಒಂದು ಯಂತ್ರವನ್ನು ಒತ್ತಿದರೆ ಬಗೆಬಗೆಯ ಅನ್ಯಗ್ರಹ ಜೀವಿಗಳಾಗಿ ಬದಲಾಗುವ ಹುಡುಗ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಅವನ ಸಾಹಸ ನೋಡುತ್ತ ಮಕ್ಕಳು ಊಟ ಮರೆಯುತ್ತಿದ್ದರು, ನಾವು ಗದರುತ್ತಿದ್ದೆವು. ಕಂತು ಮುಗಿದ ಮೇಲೆ ಪರದೆಯಲ್ಲಿ ಸರ್ರನೆ ಓಡುವ ಹೆಸರುಗಳನ್ನು ಮಾತ್ರ ಮಕ್ಕಳೂ ಓದಲಿಲ್ಲ, ನಾವೂ ಓದಲಿಲ್ಲ. 2008ರಲ್ಲಿ ಆರಂಭವಾದ 'ಬೆನ್ ಟೆನ್: ಏಲಿಯನ್ ಫೋರ್ಸ್' ಸರಣಿಯ ಆ ಹೆಸರುಗಳ ನಡುವೆ, ಕತೆಗಳ ಹೊಣೆ ಹೊತ್ತ ಡ್ವೇಯ್ನ್ ಮೆಕ್‌ಡಫಿ ಅವರ ಹೆಸರೂ ಇತ್ತು.

1962ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದ ಮೆಕ್‌ಡಫಿ, ಭೌತವಿಜ್ಞಾನ ಓದಿ, ಆಮೇಲೆ ಸಿನಿಮಾ ಕಲಿಯಲು ನ್ಯೂಯಾರ್ಕಿಗೆ ಹೋದವರು. ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಸಂಸ್ಥೆಯಲ್ಲಿ ಸಂಪಾದಕೀಯ ಕೆಲಸಕ್ಕೆ ಸೇರಿದರು. ಅಲ್ಲಿನ ಕತೆಗಳಲ್ಲಿ ಕಪ್ಪು ಹುಡುಗನೆಂದರೆ ಸ್ಕೇಟ್‌ಬೋರ್ಡಿನ ಮೇಲೆ ಜಾರುವವನು ಎಂಬಂತಾಗಿತ್ತು. 1989ರಲ್ಲಿ ಅವರು ತಮ್ಮ ಮೇಲಿನವರಿಗೆ ಹೊಸ ಕಾಮಿಕ್ಸಿನ ಪ್ರಸ್ತಾವವೊಂದನ್ನು ಬರೆದು ಕಳಿಸಿದರು: ನಾಯಕರೆಲ್ಲ ಕಪ್ಪು ಹುಡುಗರು, ಎಲ್ಲರೂ ಸ್ಕೇಟ್‌ಬೋರ್ಡಿನ ಮೇಲೆ! ಪ್ರಸ್ತಾವದ ರೂಪದಲ್ಲಿದ್ದ ಈ ವ್ಯಂಗ್ಯದಲ್ಲಿ ನಗುವೂ ಇತ್ತು, ನೋವೂ ಇತ್ತು.

ಆ ನೋವನ್ನು ಅವರು ಮುಂದೆ ಸಂದರ್ಶನಗಳಲ್ಲಿ ಬಿಡಿಸಿ ಹೇಳಿದರು. ಬಿಳಿಯರೇ ತುಂಬಿದ ಕತೆಯಲ್ಲಿ ಒಬ್ಬ ಕಪ್ಪು ನಾಯಕನನ್ನು ತಂದು ನಿಲ್ಲಿಸಿದರೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ, ಸಂಕೇತವಾಗುತ್ತಾನೆ. ಅವನು ಹೇಡಿಯಾದರೆ ಜನಾಂಗವೇ ಹೇಡಿ, ಕೋಪಿಷ್ಠನಾದರೆ ಜನಾಂಗವೇ ಕೋಪಿಷ್ಠ. ಹಾಗೆಂದು ಸಂಖ್ಯೆ ಹೆಚ್ಚಿಸಲು ಹೋದರೆ ಇನ್ನೊಂದು ತೊಡಕು. ಮೂವರು ಕಪ್ಪು ಪಾತ್ರಗಳು ಕೂಡಿದರೆ ಸಾಕು, ಅದು 'ಕಪ್ಪು ಜನರ ಸರಕು' ಎಂದು ಮಾರುಕಟ್ಟೆ ಪಕ್ಕಕ್ಕಿಡುತ್ತದೆ. ಒಬ್ಬನಿದ್ದರೆ ಹೊರಲಾರದ ಭಾರ, ಮೂವರಿದ್ದರೆ ಬಹಿಷ್ಕಾರ. ಮೆಕ್‌ಡಫಿಯವರ ಇಡೀ ವೃತ್ತಿಜೀವನ ಈ ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ನಡೆದದ್ದು ಎಂದು ನಮಗೆ ತೋರುತ್ತದೆ.

ಕನ್ನಡದಲ್ಲಿ ಕತೆ ಬರೆಯುವ ನಮಗೆ ಈ ಭಾರ ಅಪರಿಚಿತವಲ್ಲ. ನಮ್ಮ ಕತೆಯ ಒಬ್ಬ ಅಬ್ಬೂ ಹೆಂಡತಿಗೆ ಹೊಡೆದರೆ ಹೊರಗಿನವರು ಬೆರಳು ತೋರಿಸುತ್ತಾರೆ, ಒಳಗಿನವರು ಮುನಿಯುತ್ತಾರೆ. ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ ಜನ ತುಂಬಿದ ಮೇಲೆ ಅಲ್ಲಿ ಒಳ್ಳೆಯವರು, ಕೆಟ್ಟವರು, ತರಲೆಗಳು ಎಲ್ಲರಿಗೂ ಜಾಗ ಸಿಕ್ಕಿತು. ಒಂದು ಪಾತ್ರದ ಮೇಲಿನ ಹೊರೆ ಇಳಿಯಬೇಕಾದರೆ ಊರೇ ಬೇಕಾಗುತ್ತದೆ.

ಮೆಕ್‌ಡಫಿಯವರೂ ಊರು ಕಟ್ಟಿದರು. ಗೆಳೆಯರೊಂದಿಗೆ ಸೇರಿ ಅವರು ಸ್ಥಾಪಿಸಿದ ಮೈಲ್‌ಸ್ಟೋನ್ ಸಂಸ್ಥೆಯ ಕಾಮಿಕ್ಸ್ 1993ರಲ್ಲಿ ಹೊರಬಂದವು. ಡಿಸಿ ಸಂಸ್ಥೆ ಮುದ್ರಿಸಿ ಹಂಚಿದರೂ ಹಕ್ಕುಗಳು ಮೈಲ್‌ಸ್ಟೋನ್ ಕೈಯಲ್ಲೇ ಉಳಿದವು. ಡಕೋಟಾ ಎಂಬ ಕಲ್ಪಿತ ನಗರದಲ್ಲಿ ಮಾಲೀಕನಿಂದ ಮೋಸಹೋದ ಎಂಜಿನಿಯರ್ ಇದ್ದ, ಬೀದಿ ಗುಂಪುಗಳ ಹುಡುಗರಿದ್ದರು. 'ಐಕಾನ್' ಕತೆಯಂತೂ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. 1839ರಲ್ಲಿ ಹತ್ತಿಯ ಹೊಲಕ್ಕೆ ಬಂದುಬಿದ್ದ ಅನ್ಯಗ್ರಹದ ಜೀವಿಯನ್ನು ಗುಲಾಮ ಹೆಣ್ಣೊಬ್ಬಳು ಮಗನಾಗಿ ಸಾಕುತ್ತಾಳೆ. ಇಂದಿನ ಕಾಲದಲ್ಲಿ ಅವನು ಶ್ರೀಮಂತ ವಕೀಲ. ಬಡವರು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕೆನ್ನುವ ಸಂಪ್ರದಾಯವಾದಿ. ಅವನ ಮನೆಗೆ ಕಳ್ಳತನಕ್ಕೆ ಬಂದವರ ಜೊತೆಗಿದ್ದ ಕೊಳೆಗೇರಿಯ ಹುಡುಗಿ ರಕೆಲ್, ಶಕ್ತಿಯಿದ್ದೂ ಸುಮ್ಮನಿರುವುದೇಕೆ ಎಂದು ಅವನನ್ನೇ ಕೇಳುತ್ತಾಳೆ. ಮುಂದೆ ಇಬ್ಬರೂ ಜೊತೆಗೂಡಿ ಹೋರಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಒಂದೇ ಬಣ್ಣದ ಇಬ್ಬರು ಹೀಗೆ ವಾದಿಸುವಾಗ ಯಾರೊಬ್ಬರೂ ಜನಾಂಗದ ವಕ್ತಾರರಾಗಬೇಕಿಲ್ಲ.

ಕಾಮಿಕ್ಸ್ ಮಾರುಕಟ್ಟೆ ಕುಸಿದು 1997ರ ಹೊತ್ತಿಗೆ ಮೈಲ್‌ಸ್ಟೋನ್ ಪುಸ್ತಕಗಳು ನಿಂತವು. ಆದರೆ ಅದರ ಒಬ್ಬ ಹುಡುಗ ಟಿವಿಗೆ ಹೋದ. 'ಸ್ಟ್ಯಾಟಿಕ್ ಶಾಕ್' 2000ದಿಂದ 2004ರವರೆಗೆ 52 ಕಂತುಗಳಲ್ಲಿ ಪ್ರಸಾರವಾಯಿತು. ತಮ್ಮದೇ ಕೂಸನ್ನು ಟಿವಿಗೆ ಅಳವಡಿಸುವ ಹೊಣೆ ಬೇರೆಯವರ ಪಾಲಾಗಿತ್ತು; ಮೆಕ್‌ಡಫಿ ಬರಹಗಾರರಲ್ಲಿ ಒಬ್ಬರಾಗಿ ಒಳಬಂದರು. ಅವರು ಬರೆದ 'ಜಿಮ್ಮಿ' ಎಂಬ ಕಂತಿನಲ್ಲಿ ಸಹಪಾಠಿಗಳ ಕಾಟಕ್ಕೆ ಬೇಸತ್ತ ಹುಡುಗನೊಬ್ಬ ತಂದೆಯ ಪಿಸ್ತೂಲನ್ನು ಶಾಲೆಗೆ ತರುತ್ತಾನೆ. ಗುಂಡು ತಗಲುವುದು ನಾಯಕನ ಗೆಳೆಯನಿಗೆ. ಮಿಂಚು ಹರಿಸಬಲ್ಲ ನಾಯಕನ ಶಕ್ತಿ ಅಲ್ಲಿ ಏನೂ ಮಾಡಲಾಗುವುದಿಲ್ಲ. ಮಕ್ಕಳ ಕಾರ್ಟೂನಿನಲ್ಲಿ ಮಹಾಶಕ್ತಿಯನ್ನು ಹೀಗೆ ಅಸಹಾಯಕವಾಗಿ ನಿಲ್ಲಿಸಲು ಧೈರ್ಯ ಬೇಕು. ಈ ಕಂತಿಗೆ 2003ರಲ್ಲಿ ಹ್ಯುಮಾನಿಟಾಸ್ ಪ್ರಶಸ್ತಿ ಬಂತು.

'ಜಸ್ಟಿಸ್ ಲೀಗ್' ಸರಣಿಗಳಲ್ಲಿ ಅವರು ಬರಹಗಾರರಾಗಿ, ಕೊನೆಗೆ ನಿರ್ಮಾಪಕರಾಗಿ ದುಡಿದರು. 2005ರ 'ಎಪಿಲಾಗ್' ನಮ್ಮ ಮಟ್ಟಿಗೆ ಅವರ ಅತ್ಯುತ್ತಮ ಕಂತು. ಸರ್ಕಾರದ ಪ್ರಯೋಗಗಳಿಗೆ ಬಾಲ್ಯವನ್ನೇ ಕಳೆದುಕೊಂಡ ಏಸ್ ಎಂಬ ಹುಡುಗಿ ಸಾಯುತ್ತಿದ್ದಾಳೆ. ಅವಳ ಮನಶ್ಶಕ್ತಿ ಸುತ್ತಲಿನವರಿಗೆ ಅಪಾಯ. ಅವಳನ್ನು ಕೊಲ್ಲುವ ಆಯುಧ ಹಿಡಿದು ಹೋದ ಬ್ಯಾಟ್‌ಮ್ಯಾನ್ ಅದನ್ನು ಬಳಸುವುದಿಲ್ಲ. ಪಕ್ಕದ ಉಯ್ಯಾಲೆಯಲ್ಲಿ ಕೂತು, ಅವಳ ಉಸಿರು ನಿಲ್ಲುವ ತನಕ ಜೊತೆಗಿರುತ್ತಾನೆ. ಹೊಡೆದಾಟವನ್ನೇ ನಂಬಿದ ಪ್ರಕಾರವೊಂದರಲ್ಲಿ, ಸುಮ್ಮನೆ ಜೊತೆಗಿರುವುದೇ ಪರಾಕ್ರಮವಾದ ಗಳಿಗೆ ಅದು.

ಅವರ ಎಲ್ಲ ಕೆಲಸವೂ ಈ ಎತ್ತರದ್ದಲ್ಲ. 'ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್'ನಲ್ಲಿ ನಾಯಕರ ಜಾತ್ರೆಯೇ ನೆರೆದು, ಅನೇಕರು ಮುಖ ತೋರಿಸಿ ಮರೆಯಾಗುತ್ತಾರೆ. ಬೆನ್ ಟೆನ್‌ನಲ್ಲಿ ಹಳೆಯ ಶತ್ರು ಕೆವಿನ್ ನಿಧಾನವಾಗಿ ಗೆಳೆಯನಾಗುವ ಬಗೆ ಚೆನ್ನಾಗಿದೆ, ನಿಜ. ಆದರೆ ಆಟಿಕೆ ಮಾರಾಟಕ್ಕೆ ಒದಗುವ ಹೊಸ ಹೊಸ ರೂಪಗಳ ನಡುವೆ ಡಕೋಟಾ ಕಟ್ಟಿದ ಕೈಯನ್ನು ನಾವು ಹುಡುಕಬೇಕಾಗುತ್ತದೆ. ಅತಿ ಹೆಚ್ಚು ಮಕ್ಕಳನ್ನು ಮುಟ್ಟಿದ ಕೆಲಸದಲ್ಲೇ ಅವರ ಸ್ವಂತ ಮಾತು ಅತಿ ಕಡಿಮೆ ಎಂಬುದು ಟಿವಿ ಬರಹಗಾರನ ದುರಂತ. ಕಾಮಿಕ್ಸ್‌ನಲ್ಲೂ ಸುಖವಿರಲಿಲ್ಲ. ತಾವು ಬರೆಯುತ್ತಿದ್ದ 'ಜಸ್ಟಿಸ್ ಲೀಗ್ ಆಫ್ ಅಮೆರಿಕ'ದ ತೆರೆಮರೆಯ ನಿರ್ಧಾರಗಳನ್ನು ಓದುಗರ ಮುಂದೆ ಹೇಳಿದ್ದಕ್ಕೆ 2009ರಲ್ಲಿ ಆ ಕೆಲಸ ಹೋಯಿತು.

2011ರ ಫೆಬ್ರವರಿ 21ರಂದು, 49 ತುಂಬಿದ ಮರುದಿನ, ಅವರು ತೀರಿಕೊಂಡರು. ಅದರ ಮರುದಿನವೇ ಅವರು ಬರೆದ 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಚಿತ್ರ ಬಿಡುಗಡೆಯಾಯಿತು. ಸಾವು ಹತ್ತಿರವಾಯಿತೆಂದು ತಿಳಿದ ನಾಯಕ ಉಳಿದ ಕೆಲಸಗಳನ್ನು ಮುಗಿಸುತ್ತ ಹೋಗುವ ಕತೆ ಅದು. 2015ರಲ್ಲಿ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು, 2021ರಲ್ಲಿ ಮೈಲ್‌ಸ್ಟೋನ್ ಪಾತ್ರಗಳು ಹೊಸ ಕಾಮಿಕ್ಸ್‌ಗಳಲ್ಲಿ ಮರಳಿದವು.

ಬೆನ್ ಟೆನ್ ಚೀಲ ಹೊತ್ತ ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರಲ್ಲಿ ಯಾರಾದರೂ ನಾಳೆ ಕತೆ ಬರೆಯಲು ಕೂತರೆ, ತಮ್ಮವರನ್ನು ಒಬ್ಬೊಬ್ಬರನ್ನಾಗಿ ಅಲ್ಲ, ಊರು ತುಂಬ ಬರೆಯಲಿ. ಆ ಊರಿನಲ್ಲಿ ಕೆಟ್ಟವನಿಗೂ ಒಂದು ಮನೆ ಇರಲಿ.